ಎಸಿ ಇಲ್ಲದ ತಂಪು: ಕುಮಟಾ ಬಳಿಯ ಒಂದು ಹೋಮ್‌ಸ್ಟೇ

ಮೇ ತಿಂಗಳ ಸೆಕೆಯಲ್ಲಿ ಆಯಿಯನ್ನು ಕರೆದುಕೊಂಡು ಎರಡು ರಾತ್ರಿ ಉಳಿದೆ. ಅಂಗಳದಡಿ ಆಳದಲ್ಲಿ ಹೂತ ಪೈಪಿನೊಳಗೆ ಹಾದುಬರುವ ಗಾಳಿ ತನ್ನ ಬಿಸಿಯನ್ನು ಮಣ್ಣಿಗೆ ಬಿಟ್ಟು ಕೋಣೆ ಸೇರುತ್ತದೆ. ಮಟಮಟ ಮಧ್ಯಾಹ್ನ ಗೋಡೆಯ ಜಾಲರಿಗೆ ಅಂಗೈ ಒಡ್ಡಿದೆ. ಬಾವಿಕಟ್ಟೆಯಲ್ಲಿ ಬಗ್ಗಿದಾಗ ಮುಖಕ್ಕೆ ತಾಗುವಂಥದ್ದೇ ತಂಪು! ಎಸಿ ಗಾಳಿಗೆ ಮಂಡಿನೋವು ಬರುವ ಆಯಿ ಚಾಪೆ ಹಾಸಿ ಗಾಢ ನಿದ್ದೆ ಮಾಡಿದಳು.

ಕೊರತೆಯೆಂದರೆ ಮುಗ್ಗಲು ವಾಸನೆ. ಕರಾವಳಿಯ ತೇವದ ಗಾಳಿ ತಣ್ಣನೆಯ ಪೈಪಿನಲ್ಲಿ ನೀರಾಗಿ ನಿಲ್ಲುತ್ತದೆ. ಇಳಿಜಾರು ಕೊಟ್ಟು ಅದನ್ನು ಹೊರಬಿಡಲೇಬೇಕು. ಮಳೆಗಾಲಕ್ಕೆ ಮುಂಚೆ ಸರಿಮಾಡಿಸುತ್ತಾರಂತೆ.

ಕೆನಡಾದ ಒಕೊಟೊಕ್ಸ್‌ನಲ್ಲಿ 52 ಮನೆಗಳ ಬಡಾವಣೆಯೊಂದು ಬೇಸಿಗೆಯ ಬಿಸಿಲಿನ ಶಾಖವನ್ನು 144 ಕೊಳವೆಗಳಲ್ಲಿ ನೆಲಕ್ಕಿಳಿಸಿಟ್ಟು ಚಳಿಗಾಲದಲ್ಲಿ ಬಳಸಿತ್ತು. ನಮ್ಮ ಚಿರೆಕಲ್ಲಿನ ನೆಲದಲ್ಲೂ ಇಂಥ ಪ್ರಯತ್ನ ಶುರುವಾಗಿದ್ದು ನೋಡಿ ಮನಸ್ಸು ತುಂಬಿತು.

ಕೆಳಗಿನ ಮೂಲೆಕೋಣೆ ಕೇಳಿ ಪಡೆಯಿರಿ, ಅಲ್ಲಿ ಗಾಳಿ ಜೋರು.