ಜೊಂಡಿಗೆ ಫ್ರಾಗ್, ಬಯಲು ನೀರಿಗೆ ಪಾಪರ್: ನೀರ ಮೇಲಿನ ಗಾಳಗಳ ಹೋಲಿಕೆ

ನೀರ ಮೇಲೆ ಆಡಿಸುವ ಗಾಳದ (ಕೊಕ್ಕೆ ಇರುವ ಕೃತಕ ಎರೆಯ) ವಿಡಿಯೋಗಳಲ್ಲಿ ಬಹುಪಾಲು ಅಮೆರಿಕದ ಬಾಸ್ ಮೀನಿನವು. ಅಂಗಡಿಯ ಡಬ್ಬಿಗಳ ಮೇಲೂ ಅದರದ್ದೇ ಚಿತ್ರ. ನಮ್ಮ ಕೆರೆಗಳಲ್ಲಿ ಬಾಸ್ ಇಲ್ಲ. ಇಲ್ಲಿ ನೀರು ಸೀಳಿ ಬಂದು ಗಾಳಕ್ಕೆ ಬಾಯಿ ಹಾಕುವುದು ಕೊರವ, ಅಂದರೆ ಗಾಳ ಹಾಕುವವರು ಮುರ್ರೆಲ್ ಎನ್ನುವ ಮೀನು. ಎರಡೂ ಮರೆಯಲ್ಲಿ ಹೊಂಚು ಹಾಕುವ ಜಾತಿಯಾದ್ದರಿಂದ ಸಾಮಾನು ಹೆಚ್ಚುಕಡಿಮೆ ಅದೇ ನಡೆಯುತ್ತದೆ. ಆದರೆ ಬಾಸ್‌ನ ಹಲ್ಲು ಬೆರಳಿಗೆ ಒರಟೆನಿಸುವಷ್ಟು ಸಣ್ಣವು, ತುಟಿ ಹಿಡಿದೇ ಮೀನನ್ನು ಎತ್ತಬಹುದು. ಮುರ್ರೆಲ್‌ನದು ಎಲುಬಿನ ಗಟ್ಟಿ ದವಡೆ, ಚೂಪು ಹಲ್ಲು. ಬೆರಳಿಟ್ಟರೆ ರಕ್ತ ಬರುತ್ತದೆ. ಬಾಸ್‌ಗೆಂದು ಮಾಡಿದ ತೆಳು ತಂತಿಯ ಕೊಕ್ಕೆ ಈ ದವಡೆಯಲ್ಲಿ ನೆಡುವುದಿಲ್ಲ, ನೆಟ್ಟರೂ ಬಾಗಿ ಬಿಚ್ಚಿಕೊಳ್ಳುತ್ತದೆ. ಕೆಳಗಿನ ಹೋಲಿಕೆಯೆಲ್ಲ ಇದನ್ನು ಗಮನದಲ್ಲಿಟ್ಟು, ಹುಬ್ಬಳ್ಳಿ-ಧಾರವಾಡ, ಹಾವೇರಿ, ಗದಗ ಕಡೆಯ ನೀರಿನಲ್ಲಿ ಆಡಿಸಿ ನೋಡಿ ಬರೆದದ್ದು.

ಮೊದಲು ಕೆರೆ ನೋಡಿ, ಆಮೇಲೆ ಗಾಳ

ಅಂತರಗಂಗೆ, ತಾವರೆ, ಜೊಂಡು ತುಂಬಿದ ಕೆರೆಯಾದರೆ ಕಪ್ಪೆಯಾಕಾರದ, ಟೊಳ್ಳು ಮೈಯ ರಬ್ಬರ್ ಫ್ರಾಗ್‌ಗೆ ಎದುರಾಳಿಯೇ ಇಲ್ಲ. ಅದರ ಜೋಡಿ ಕೊಕ್ಕೆಯ ಮೊನೆಗಳು ಮೇಲ್ಮುಖವಾಗಿ ಮೈಗೆ ಅಂಟಿಕೊಂಡಿರುವುದರಿಂದ ಎಲೆಗಳ ಮೇಲೆ ಎಲ್ಲೂ ಸಿಕ್ಕಿಕೊಳ್ಳದೆ ಜಾರುತ್ತದೆ. ಮೀನು ಕಚ್ಚಿದಾಗ ರಬ್ಬರ್ ಅದುಮಿ ಮೊನೆಗಳು ಹೊರಬರುತ್ತವೆ. 55ರಿಂದ 65 ಮಿ.ಮೀ. ಉದ್ದ, 12ರಿಂದ 16 ಗ್ರಾಂ ತೂಕದ್ದು ನಮ್ಮ ಕೆರೆಗಳಿಗೆ ಸರಿಯಾದ ಅಳತೆ. 8 ಗ್ರಾಂಗಿಂತ ಕಡಿಮೆಯದು ಆಷಾಢದ ಪಡುವಣ ಗಾಳಿಗೆ ಎದುರಾಗಿ ಹೋಗುವುದಿಲ್ಲ. ಗದಗ ಕಡೆ ಗಾಳಿ ಗಿರಣಿಗಳು ಯಾಕೆ ನಿಂತಿವೆ ಎಂಬುದು ಆ ತಿಂಗಳಲ್ಲಿ ಬಯಲು ದಂಡೆಯ ಮೇಲೆ ನಿಂತವರಿಗೆ ಚೆನ್ನಾಗಿ ಗೊತ್ತು.

ತುಂಗಭದ್ರೆಯ ಹಮ್ಮಿಗಿ ಬ್ಯಾರೇಜಿನ ಹಿನ್ನೀರಿನಂಥ, ಜೊಂಡು-ಎಲೆ ಇಲ್ಲದ ಬಯಲು ನೀರಿನಲ್ಲಿ ಲೆಕ್ಕ ಬದಲಾಗುತ್ತದೆ. ಅಲ್ಲಿ ಪಾಪರ್ ಗೆಲ್ಲುತ್ತದೆ. ಅದರ ಬಾಯಿ ಒಳಕ್ಕೆ ಬಗ್ಗಿದ್ದು, ಎಳೆದಾಗ ‘ಪ್ಲಕ್’ ಎಂದು ನೀರು ಚಿಮ್ಮಿಸಿ ದೂರದ ಮೀನನ್ನೂ ಕರೆಯುತ್ತದೆ. 6ರಿಂದ 7 ಸೆಂ.ಮೀ., 7ರಿಂದ 10 ಗ್ರಾಂ ಸಾಕು. ಅದಕ್ಕಿರುವ ಎರಡು ಮೂರ್ಮೊನೆ ಕೊಕ್ಕೆಗಳೇ ಅದರ ಬಲ, ಅದರ ದೌರ್ಬಲ್ಯವೂ ಹೌದು: ಬಾಯಿ ಹಾಕಿದ ಮೀನು ಕೊಕ್ಕೆಗೆ ಬೀಳುವ ಸಾಧ್ಯತೆ ಫ್ರಾಗ್‌ಗಿಂತ ಹೆಚ್ಚು, ಆದರೆ ಒಂದು ಎಳೆ ಪಾಚಿ ಹತ್ತಿದರೂ ಆ ಎಸೆತ ವ್ಯರ್ಥ.

ಮೂರನೆಯದು ಬಝ್‌ಬೈಟ್. ತಂತಿಯ ತುದಿಯ ತಗಡಿನ ರೆಕ್ಕೆ ನೀರು ಕಡೆಯುತ್ತ ಸದ್ದು ಮಾಡುತ್ತದೆ. ಮಳೆಗಾಲದ ಮೊದಲ ನೀರು ಎರೆಹೊಲದ ಮಣ್ಣು ಹೊತ್ತು ತಂದು ಕೆರೆ ಕದಡಿದಾಗ, ಕಣ್ಣಿಗೆ ಕಾಣದ ಗಾಳವನ್ನೂ ಮೀನು ಸದ್ದಿನಿಂದ ಹುಡುಕುತ್ತದೆ. ಅಷ್ಟು ದಿನ ಮಾತ್ರ ಇದು ಮುಂದು. ಎಳೆಯುವುದು ನಿಲ್ಲಿಸಿದ ಕೂಡಲೇ ಮುಳುಗುತ್ತದೆ, ನಿಲ್ಲಿಸಿ ಕಾಯುವ ಆಟ ಇದರಲ್ಲಿ ಇಲ್ಲ. ಮೀನು ಗಾಳದ ಹಿಂದೆಯೇ ಬಾಯಿ ಹಾಕಿ ತಪ್ಪಿಸಿಕೊಳ್ಳುತ್ತಿದ್ದರೆ ಅದೇ ಕೊಕ್ಕೆಗೆ ಇನ್ನೊಂದು ಕೊಕ್ಕೆಯನ್ನು ಬಾಲದಂತೆ ಸಿಗಿಸಿ, ಜಾರದಂತೆ ರಬ್ಬರ್ ತುಣುಕು ಹಾಕಬೇಕು.

ಒಂದನ್ನೇ ಕೊಳ್ಳುವುದಾದರೆ ಫ್ರಾಗ್ ಕೊಳ್ಳಿ. ಫ್ರಾಗ್ ಬಯಲು ನೀರಿನಲ್ಲೂ ಒಂದಷ್ಟು ಕೆಲಸ ಮಾಡುತ್ತದೆ. ಪಾಪರ್ ಜೊಂಡಿನಲ್ಲಿ ಏನೇನೂ ಮಾಡುವುದಿಲ್ಲ.

ಹೊಸ ಫ್ರಾಗ್‌ಗೆ ಮಾಡಬೇಕಾದ ಕೆಲಸ

ಡಬ್ಬಿಯಿಂದ ತೆಗೆದ ಫ್ರಾಗ್ ನೇರವಾಗಿ ಕಟ್ಟುವಂಥದ್ದಲ್ಲ. ಮೊದಲು ಬಕೆಟ್ ನೀರಿಗೆ ಹಾಕಿ ನೋಡಿ: ಹಿಂಭಾಗ ತುಸು ತಗ್ಗಿ, ಮೂಗು ಮೇಲಕ್ಕೆ ಇರಬೇಕು. ಅಡ್ಡ ಮಲಗಿದರೆ ಅಥವಾ ಬೆನ್ನಡಿ ಆದರೆ ಹೊಟ್ಟೆಯ ತೂಕ ಸಾಲದು. ಕೊಕ್ಕೆಯ ಬುಡದ ಸೀಳಿನಿಂದ 2-3 ಗ್ರಾಂ ಸೀಸದ ಗುಂಡು ಒಳಗೆ ತೂರಿಸಿದರೆ ಸರಿಹೋಗುತ್ತದೆ, ಎಸೆತವೂ ದೂರ ಹೋಗುತ್ತದೆ. ಅದಕ್ಕಿಂತ ಹೆಚ್ಚು ತೂಕ ತುಂಬಿದರೆ ಹಿಂಭಾಗ ಪೂರ್ತಿ ಮುಳುಗಿ, ಗಾಳ ಎಡಬಲ ಹೊರಳುವುದನ್ನೇ ಬಿಡುತ್ತದೆ.

ಕಾಲಿನ ರಬ್ಬರ್ ಎಳೆಗಳು ಉದ್ದವಾಗಿದ್ದರೆ ಮೀನು ಅದನ್ನಷ್ಟೇ ಹಿಡಿದು ಎಳೆಯುತ್ತದೆ, ಕೊಕ್ಕೆ ಬಾಯಿಗೆ ಹೋಗುವುದಿಲ್ಲ. ಎರಡೂ ಕಡೆ 1ರಿಂದ 2 ಸೆಂ.ಮೀ. ಕತ್ತರಿಸಿ. ಕೊಕ್ಕೆಯ ಮೊನೆಗಳನ್ನು ಇಕ್ಕಳದಿಂದ ಕೂದಲೆಳೆಯಷ್ಟು ಹೊರಕ್ಕೆ ಬಗ್ಗಿಸಿದರೆ ನೆಡುವುದು ಹೆಚ್ಚುತ್ತದೆ. ಆದರೆ ಒತ್ತಾದ ಅಂತರಗಂಗೆಯಲ್ಲಿ ಅದೇ ಮೊನೆ ಪ್ರತಿ ಎಲೆಗೂ ಸಿಕ್ಕಿಕೊಳ್ಳುತ್ತದೆ, ಅಲ್ಲಿ ಬಗ್ಗಿಸಬೇಡಿ. ಮೂಗಿನ ತೂತಿನಿಂದ ನೀರು ಒಳಹೋಗುತ್ತಿದ್ದರೆ ಒಂದು ಹನಿ ಫೆವಿಕ್ವಿಕ್ ಸಾಕು. ಹಿಂಬದಿಯ ಸೀಳಿಗೆ ಅಂಟು ಹಾಕಬಾರದು. ರಬ್ಬರ್ ಅದುಮಿ ಕೊಕ್ಕೆ ಹೊರಬರುವುದೇ ಅಲ್ಲಿ. ಅದರ ಬದಲು ನಾಲ್ಕೈದು ಎಸೆತಕ್ಕೊಮ್ಮೆ ಫ್ರಾಗ್ ಹಿಂಡಿ ನೀರು ತೆಗೆಯಿರಿ.

ದಾರ: ಬ್ರೇಡ್ ಮತ್ತು ಮೊನೊ

ದುಡ್ಡು ಹಾಕಬೇಕಾದದ್ದು ಇಲ್ಲಿ. ಗಾಳಕ್ಕೆ ಖರ್ಚು ಮಾಡಿ ದಾರದಲ್ಲಿ ಉಳಿಸುವುದು ಉಲ್ಟಾ ಲೆಕ್ಕ. ಫ್ರಾಗ್‌ಗೆ ಬ್ರೇಡ್‌ನ್ನೇ (ಹಲವು ಎಳೆ ಹೆಣೆದ ದಾರ) ಹಾಕಬೇಕು: ಒತ್ತಾದ ಜೊಂಡಿಗೆ 50 ಪೌಂಡಿನದು (ಹರಿಯದೆ ತಡೆಯುವ ಭಾರದ ಅಳತೆ), ಅಲ್ಲಲ್ಲಿ ಎಲೆ ಇರುವ ಕೆರೆಗೆ 30 ಪೌಂಡಿನದು. 50 ಪೌಂಡಿನ ಬ್ರೇಡ್ ಸುಮಾರು 12 ಪೌಂಡಿನ ಮೊನೊದಷ್ಟೇ (ಒಂದೇ ಎಳೆಯ ನೈಲಾನ್ ದಾರ) ದಪ್ಪ. ಹಿಗ್ಗುವುದಿಲ್ಲ, ಹಾಗಾಗಿ 25 ಮೀಟರ್ ಆಚೆ ಇದ್ದರೂ ನೀವು ಎಳೆದ ಬಲ ಪೂರ್ತಿ ಕೊಕ್ಕೆಗೆ ತಲುಪುತ್ತದೆ. ಬಿಗಿ ಹಿಡಿದರೆ ಮೆತ್ತನೆಯ ಎಲೆದಂಟುಗಳನ್ನು ಕೊಯ್ದುಕೊಂಡೂ ಬರುತ್ತದೆ. ಮೊನೊ ಹಿಗ್ಗುತ್ತದೆ, ಮೀನು ಅಷ್ಟರಲ್ಲಿ ದಂಟಿಗೆ ಸುತ್ತಿಕೊಂಡಿರುತ್ತದೆ.

ಪಾಪರ್‌ಗೆ ಇದೇ ಹಿಗ್ಗುವ ಗುಣ ಬೇಕು. ಮೂರ್ಮೊನೆ ಕೊಕ್ಕೆಯ ಸಣ್ಣ ಮೊನೆಗಳು ಆಳಕ್ಕೆ ಇಳಿಯುವುದಿಲ್ಲ, ಹಿಗ್ಗದ ದಾರದಲ್ಲಿ ಮೀನು ತಲೆ ಕೊಡವಿದರೆ ಕಿತ್ತುಬರುತ್ತವೆ. 12ರಿಂದ 15 ಪೌಂಡಿನ ಮೊನೊ ಹಾಕಿ. ಬ್ರೇಡೇ ಇದ್ದರೆ ಮುಂದೆ 40-50 ಸೆಂ.ಮೀ. ಮೊನೊ ತುಂಡನ್ನು ಲೀಡರ್ ಆಗಿ, ಅಂದರೆ ದಾರಕ್ಕೂ ಗಾಳಕ್ಕೂ ನಡುವೆ, ಕಟ್ಟಿ. ಮೆತ್ತನೆಯ ಬ್ರೇಡ್ ಮುಂದಿನ ಕೊಕ್ಕೆಗೆ ಸುತ್ತಿಕೊಳ್ಳುವ ಕಾಟವೂ ತಪ್ಪುತ್ತದೆ. ಫ್ಲೋರೋಕಾರ್ಬನ್ ಬೇಡ. ಅದು ಮುಳುಗುವ ದಾರ, ಪಾಪರ್‌ನ ಮೂಗನ್ನು ಕೆಳಕ್ಕೆಳೆದು ಸದ್ದು ಕೆಡಿಸುತ್ತದೆ.

ಬ್ರೇಡ್‌ನ್ನು ಸ್ಪೂಲಿಗೆ ನೇರವಾಗಿ ಕಟ್ಟಿದರೆ ಇಡೀ ಸುತ್ತೇ ಜಾರಿ ತಿರುಗುತ್ತದೆ, ಡ್ರ್ಯಾಗ್ (ಮೀನು ಎಳೆದಾಗ ದಾರವನ್ನು ತಡೆದು ಬಿಡುವ ಬ್ರೇಕು) ಕೆಟ್ಟಿದೆ ಎಂದು ಎಷ್ಟೋ ಜನ ರೀಲು ಬಿಚ್ಚುತ್ತಾರೆ. ಕೆಳಗೆ ಎಂಟ್ಹತ್ತು ಸುತ್ತು ಮೊನೊ ಹಾಕಿದರೆ ಮುಗಿಯಿತು. ಫ್ರಾಗ್‌ಗೆ ಪಾಲೋಮಾರ್ ಗಂಟು ಒಳ್ಳೆಯದು, ಬಿಗಿಯುವ ಮುಂಚೆ ಒದ್ದೆ ಮಾಡಿ. ಒಂದು ಮೀನು ಹಿಡಿದ ಮೇಲೆ ಕೊನೆಯ ಒಂದು ಅಡಿ ದಾರವನ್ನು ಉಗುರಿನಿಂದ ಸವರಿ ನೋಡಿ. ಹಲ್ಲಿಗೆ ಉಜ್ಜಿ ಎಳೆ ಎದ್ದಿದ್ದರೆ ಅಷ್ಟನ್ನು ಕತ್ತರಿಸಿ ಮತ್ತೆ ಕಟ್ಟಿ.

ರಾಡ್, ರೀಲು

ಫ್ರಾಗ್‌ಗೆ 7 ಅಡಿಯ ಹೆವಿ ಅಥವಾ ಮೀಡಿಯಂ ಹೆವಿ ರಾಡ್ (ಇವು ರಾಡಿನ ಗಡಸುತನದ ದರ್ಜೆಗಳು), ತುದಿ ಮಾತ್ರ ಬಾಗುವಂಥದ್ದು. ಪಾಪರ್‌ಗೆ ಆರೂವರೆ ಅಡಿಯ ಮೀಡಿಯಂ, ಅರ್ಧದವರೆಗೂ ಬಾಗುವಂಥದ್ದು. ಎರಡಕ್ಕೂ ಒಂದೇ ರಾಡ್ ಎಂದು ಮಧ್ಯದ್ದನ್ನು ಕೊಂಡರೆ ಫ್ರಾಗ್ ಕೊಕ್ಕೆ ನೆಡುವುದಿಲ್ಲ, ಪಾಪರ್ ಕೊಕ್ಕೆ ಕೀಳುತ್ತದೆ.

ಬೇಟ್‌ಕಾಸ್ಟರ್ (ಎಸೆಯುವಾಗ ಸ್ಪೂಲೇ ತಿರುಗುವ, ಹೆಬ್ಬೆರಳಿನಿಂದ ತಡೆಯುವ ರೀಲು) ಮತ್ತು ಸ್ಪಿನ್ನಿಂಗ್ (ಎಸೆಯುವಾಗ ಸ್ಪೂಲು ತಿರುಗದ) ರೀಲಿನ ಜಗಳದಲ್ಲಿ ನಮ್ಮ ಮತ ಹೊಸಬರಿಗೆ ಸ್ಪಿನ್ನಿಂಗ್: 3000 ಅಥವಾ 4000 ಅಳತೆ, 30 ಪೌಂಡಿನ ಬ್ರೇಡ್. ಎದುರು ಗಾಳಿಯಲ್ಲಿ ಬೇಟ್‌ಕಾಸ್ಟರ್‌ನ ಸ್ಪೂಲು ಗಾಳಕ್ಕಿಂತ ವೇಗವಾಗಿ ತಿರುಗಿ ದಾರ ಗೋಜಲಾಗುತ್ತದೆ. ಜೊಂಡಿನೊಳಗಿಂದ ದೊಡ್ಡ ಮೀನನ್ನು ಎಳೆದು ತರುವ ಬಲದಲ್ಲಿ, ಗುರಿ ಇಟ್ಟು ಎಸೆಯುವುದರಲ್ಲಿ ಬೇಟ್‌ಕಾಸ್ಟರ್ ನಿಜಕ್ಕೂ ಮೇಲು. ಹೆಬ್ಬೆರಳು ಪಳಗಿದ ಮೇಲೆ ಕೊಳ್ಳಿ.

ಆಡಿಸುವುದು, ಎಳೆಯುವುದು

ಫ್ರಾಗ್ ನೆಟ್ಟಗೆ ಎಳೆಯುವ ಗಾಳವಲ್ಲ. ರಾಡ್ ತುದಿ ನೀರಿನ ಕಡೆ ಇಟ್ಟು ಸಣ್ಣಗೆ ಕುಟುಕಿ, ಪ್ರತಿ ಕುಟುಕಿನ ನಡುವೆ ದಾರ ಸಡಿಲ ಬಿಟ್ಟರೆ ಮೂಗು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳುತ್ತದೆ. ಎಲೆಗಳ ನಡುವೆ ಅಂಗೈ ಅಗಲದ ನೀರು ಕಂಡಲ್ಲಿ ನಿಲ್ಲಿಸಿ ಐದಾರು ಸೆಕೆಂಡು ಕಾಯಿರಿ. ಏಟು ಬೀಳುವುದು ಹೆಚ್ಚಾಗಿ ಅಲ್ಲೇ. ಮುರ್ರೆಲ್ ಗಾಳಿ ನುಂಗಲು ಮೇಲೆ ಬಂದು ಹೋದದ್ದು ಕಂಡರೆ ಅಲ್ಲೆದ್ದ ಅಲೆಯ ಉಂಗುರದ ಮಧ್ಯಕ್ಕೆ ಎಸೆಯಬೇಡಿ. ಒಂದೆರಡು ಮೀಟರ್ ಆಚೆ ಎಸೆದು ಆ ಜಾಗದ ಮೇಲೆ ಹಾಯಿಸಿ.

ನೀರು ಸಿಡಿದ ಕೂಡಲೇ ರಾಡ್ ಎತ್ತುವುದೇ ಫ್ರಾಗ್‌ನಲ್ಲಿ ಮೀನು ತಪ್ಪಲು ಮೊದಲ ಕಾರಣ. ಸಿಡಿತದ ಹೊತ್ತಿಗೆ ಗಾಳ ಇನ್ನೂ ದವಡೆಯ ತುದಿಯಲ್ಲಿರುತ್ತದೆ. ಫ್ರಾಗ್ ಕಣ್ಮರೆಯಾಗಲಿ, ಸಡಿಲ ದಾರ ಸುತ್ತಿಕೊಳ್ಳಿ, ಭಾರ ಸಿಕ್ಕಿದಾಗ ಎರಡೂ ಕೈಯಿಂದ ಬಲವಾಗಿ ಎಳೆಯಿರಿ. ಇದಕ್ಕೆ ಒಂದರಿಂದ ಎರಡು ಸೆಕೆಂಡು ಹಿಡಿಯುತ್ತದೆ. ಪಾಪರ್‌ನಲ್ಲಿ ಬಲ ಬೇಡ: ಸುತ್ತುತ್ತಲೇ ರಾಡನ್ನು ಪಕ್ಕಕ್ಕೆ ಸರಿಸಿದರೆ ಕೊಕ್ಕೆ ತಾನೇ ಕೂರುತ್ತದೆ. ಮೀನು ಬಾಯಿ ಹಾಕಿ ಬಿಟ್ಟರೆ ಪಾಪರ್ ಅಲ್ಲೇ ನಿಲ್ಲಿಸಿ, ಹಲವು ಸಲ ತಿರುಗಿ ಬರುತ್ತದೆ.

ಬಣ್ಣದ ವಿಷಯ ಚುಟುಕಾಗಿ: ಕದಡಿದ ನೀರು, ನಸುಕು, ಮುಸ್ಸಂಜೆಗೆ ಕಪ್ಪು; ತಿಳಿ ನೀರಿಗೆ ಹಸಿರು ಅಥವಾ ಕಂದು. ಬೆನ್ನಿನ ಚಿತ್ತಾರ ನಿಮಗೆ ಕಾಣಲು, ಮೀನು ನೋಡುವುದು ಹೊಟ್ಟೆ. ನೀರು 15-16 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆಯೇ ಮೇಲಿನ ಗಾಳ ಎಂಬ ಬಾಸ್‌ನವರ ನಿಯಮ ಇಲ್ಲಿ ಅನ್ವಯಿಸುವುದಿಲ್ಲ, ನಮ್ಮ ಕೆರೆಗಳು ಅಷ್ಟು ತಣ್ಣಗಾಗುವುದು ಅಪರೂಪ.

ಮಳೆಗಾಲದಲ್ಲಿ ಕಿತ್ತಳೆ-ಕೆಂಪು ಮರಿಗಳ ಹಿಂಡು ನೀರ ಮೇಲೆ ಮಿನುಗುತ್ತಿದ್ದರೆ ಅದರ ಕೆಳಗೆ ತಂದೆ-ತಾಯಿ ಮೀನು ಕಾವಲಿರುತ್ತವೆ. ಅಲ್ಲಿ ಯಾವ ಗಾಳ ಹಾಕಿದರೂ ಸಿಟ್ಟಿನಿಂದ ಕಚ್ಚುತ್ತವೆ, ಹಿಡಿಯುವುದು ಸುಲಭ. ದಯವಿಟ್ಟು ಹಿಡಿಯಬೇಡಿ, ಕಾವಲು ಹೋದರೆ ಮರಿಗಳನ್ನು ಬೇರೆ ಮೀನುಗಳು ತಿಂದು ಮುಗಿಸುತ್ತವೆ. ಕೆರೆಯ ಮೀನಿನ ಹಕ್ಕು ಸಹಕಾರ ಸಂಘದ್ದೋ ಗುತ್ತಿಗೆದಾರರದ್ದೋ ಆಗಿರುತ್ತದೆ, ಕೇಳಿಯೇ ಇಳಿಯಿರಿ. ಹಕ್ಕಿಗಳಿಗೆ ಮೀಸಲಾದ ಮಾಗಡಿ ಕೆರೆಯಂಥ ಕಡೆ ರಾಡ್ ಒಯ್ಯುವುದೇ ಬೇಡ. ಎಲ್ಲಿಯೇ ಆಗಲಿ, ತುಂಡು ದಾರವನ್ನು ಜೇಬಿಗೆ ಹಾಕಿಕೊಳ್ಳಿ, ಹಕ್ಕಿಯ ಕಾಲಿಗೆ ಸುತ್ತಿದ ಬ್ರೇಡ್ ತಾನಾಗಿ ಹರಿಯುವುದಿಲ್ಲ.

ಜೊಂಡಿಗೆ ಸಿಕ್ಕಿಕೊಂಡ ಗಾಳವನ್ನು ಬಿಡಿಸುವಾಗ ಬ್ರೇಡ್‌ನ್ನು ಬರಿಗೈಗೆ ಸುತ್ತಿ ಎಳೆಯಬೇಡಿ, ಚರ್ಮ ಕೊಯ್ಯುತ್ತದೆ. ಗೇಣುದ್ದದ ಗಟ್ಟಿ ಕೋಲಿಗೆ ನಾಲ್ಕು ಸುತ್ತು ಹಾಕಿ, ಮುಖ ಬೇರೆ ಕಡೆ ತಿರುಗಿಸಿ, ಹಿಂದೆ ಯಾರೂ ಇಲ್ಲವೆಂದು ನೋಡಿಕೊಂಡು ನಿಧಾನವಾಗಿ ಹಿಂದಕ್ಕೆ ನಡೆಯಿರಿ.