ಅಟ್ಟಕ್ಕೆ ಮೂಟೆ ಏರಿಸುವ ಮುಂಚೆ ತೊಲೆಯ ಓರೆ ಆಂಗಲ್ ನೋಡಿ

ನಮ್ಮದು ಮುಳಬಾಗಿಲು ಹತ್ತಿರದ ಹಳ್ಳಿ. ರಾಗಿ ಇಡೋಕೆ ಅಂತ ಹೋದ ವರ್ಷ ಹಿಂದಿನ ಕೋಣೆಯಲ್ಲಿ ಅಟ್ಟ ಹಾಕಿಸಿದೆವು. ಆಂಗಲ್ (L ಆಕಾರದ ಕಬ್ಬಿಣದ ಪಟ್ಟಿ) ಬೆಸೆದು ಮಾಡಿದ 20 ಅಡಿಯ ಮೂರು ಟ್ರಸ್ ತೊಲೆ, ಅಂದರೆ ಮೇಲೊಂದು ಕೆಳಗೊಂದು ಉದ್ದ ಪಟ್ಟಿ, ನಡುವೆ ತ್ರಿಕೋನವಾಗಿ ಜೋಡಿಸಿದ ಓರೆ ಆಂಗಲ್‌ಗಳು. ಅದರ ಮೇಲೆ ಹಲಗೆ. ವೆಲ್ಡಿಂಗ್‌ನವರು ಕೆಜಿ ಲೆಕ್ಕದಲ್ಲಿ ದುಡ್ಡು ತಗೊಂಡರು. "ಕಬ್ಬಿಣ ಅಣ್ಣಾ, ಏನೂ ಆಗಲ್ಲ" ಎಂದರು. ನಂಬಿದೆವು.

50 ಕೆಜಿಯ 50 ಮೂಟೆ ಏರಿಸಿದ ಮೂರನೇ ರಾತ್ರಿ ಟಣ್ ಅಂತ ಸದ್ದು. ನಡುವಿನ ತೊಲೆಯಲ್ಲಿ ಗೋಡೆ ಪಕ್ಕದ ಓರೆ ಆಂಗಲ್ ಬಿಲ್ಲಿನ ಹಾಗೆ ಬಾಗಿತ್ತು. ಕೆಳಗೆ ಅಮ್ಮ ಮಲಗಿದ್ದರು. ಅವರನ್ನು ಹೊರಗೆ ಕರೆತಂದು, ತೊಲೆಗೆ ಮರದ ಕಂಬ ಆನಿಸಿ, ಬೆಳಗಾಗುವವರೆಗೆ ಮೂಟೆ ಇಳಿಸಿದೆವು. ಈಗಲೂ ನೆನೆದರೆ ಕೈ ನಡುಗುತ್ತದೆ.

ಬೆಸುಗೆ ಬಿಟ್ಟಿದೆ ಅಂದುಕೊಂಡಿದ್ದೆ. ಒಂದೂ ಬಿಟ್ಟಿರಲಿಲ್ಲ. ಕೋಲಾರದಿಂದ ಬಂದ ಎಂಜಿನಿಯರ್ ಒಂದು ಕಸಬರಿಕೆ ಕಡ್ಡಿ ಕೊಟ್ಟು ಎಳೆಯಿರಿ ಎಂದರು. ತುಂಡಾಗಲಿಲ್ಲ. ಎರಡೂ ತುದಿಯಿಂದ ಒತ್ತಿ ಎಂದರು. ಒತ್ತುತ್ತಲೇ ಬಾಗಿತು. ಟ್ರಸ್‌ನಲ್ಲಿ ಕೆಲವು ಆಂಗಲ್ ಎಳೆತಕ್ಕೆ ಸಿಕ್ಕುತ್ತವೆ, ಕೆಲವು ಒತ್ತಡಕ್ಕೆ. ನಮ್ಮ ಓರೆ ಆಂಗಲ್ ಒತ್ತಡದ್ದು.

ಅದು 25 ಎಂ.ಎಂ. ಅಗಲ, 3 ಎಂ.ಎಂ. ದಪ್ಪ, 3 ಅಡಿ ಉದ್ದ. ಎಳೆದರೆ ಸುಮಾರು ಮೂರೂವರೆ ಟನ್ ತಾಳುತ್ತದಂತೆ. ಒತ್ತಿದರೆ ಲೆಕ್ಕದಲ್ಲೇ ಮುಕ್ಕಾಲು ಟನ್ ಸುತ್ತಮುತ್ತ ಬಾಗಿಬಿಡುತ್ತದೆ! ಅದೇ ಕಬ್ಬಿಣ, ಅದೇ ತೂಕ. ಒತ್ತಡಕ್ಕೆ ಸಿಕ್ಕ ತೆಳ್ಳಗಿನ ಆಂಗಲ್‌ನ ಉದ್ದ ಎರಡು ಪಟ್ಟಾದರೆ ತಾಳುವ ಭಾರ ಕಾಲು ಭಾಗಕ್ಕೆ ಇಳಿಯುತ್ತದೆ. ಇದನ್ನು ಗಣಿತಜ್ಞ ಆಯ್ಲರ್ 18ನೇ ಶತಮಾನದಲ್ಲೇ ತೋರಿಸಿದ್ದರು. ಮೇಲಾಗಿ, ಹಲಗೆಯ ಭಾರದಲ್ಲಿ ನಡುವಿನ ತೊಲೆಗೆ ಅಂಚಿನ ಒಂದು ತೊಲೆಗೆ ಬೀಳುವುದರ ಸುಮಾರು ಎರಡರಷ್ಟು ಬೀಳುತ್ತದೆ. ನಮ್ಮಲ್ಲಿ ಮೂರಕ್ಕೂ ಒಂದೇ ಆಂಗಲ್ ಹಾಕಿದ್ದರು.

ಉಕ್ಕಿನ ಕಟ್ಟಡಗಳ ಭಾರತೀಯ ಮಾನದಂಡ ಐಎಸ್ 800, 2007ರ ಪ್ರಕಾರ ಒತ್ತಡದ ಇಂಥ ಆಂಗಲ್‌ನ ಸಪೂರ ಅನುಪಾತ 180 ದಾಟಬಾರದು. ಲೆಕ್ಕಕ್ಕೆ ಹಿಡಿಯುವ ಉದ್ದವನ್ನು ಅದರ ಅತಿ ಕಡಿಮೆ ಗೈರೇಶನ್ ತ್ರಿಜ್ಯದಿಂದ (ಆಂಗಲ್‌ನ ಆಕಾರ ಬಾಗುವುದನ್ನು ಎಷ್ಟು ತಡೆಯುತ್ತದೆ ಎಂದು ಹೇಳುವ ಅಳತೆ) ಭಾಗಿಸಿದರೆ ಬರುವ ಸಂಖ್ಯೆ ಅದು. ಪೂರ್ತಿ ಉದ್ದ ಹಿಡಿದರೆ ನಮ್ಮದು 190ರ ಹತ್ತಿರ ಇತ್ತು. ಈಗ 40 ಎಂ.ಎಂ. ಅಗಲ, 5 ಎಂ.ಎಂ. ದಪ್ಪದ ಆಂಗಲ್ ಹಾಕಿಸಿದ್ದೇವೆ, 120ರೊಳಗೆ ಬಂದಿದೆ.

ಕೆಜಿಗೆ ಎಷ್ಟು ಅಂತ ಮಾತ್ರ ಕೇಳಬೇಡಿ. ಒತ್ತಡದ ಆಂಗಲ್ ಯಾವುದು, ಎಷ್ಟು ಉದ್ದ, ಎಷ್ಟು ಮೂಟೆಗೆ ಲೆಕ್ಕ ಹಾಕಿದ್ದೀರಿ ಅಂತ ಕೇಳಿ, ಎಂಜಿನಿಯರ್‌ಗೂ ತೋರಿಸಿ. ಈಗಾಗಲೇ ಅಟ್ಟ ಇದ್ದರೆ ಓರೆ ಆಂಗಲ್‌ಗಳ ತುದಿಯಿಂದ ತುದಿಗೆ ದಾರ ಹಿಡಿದು ನೋಡಿ. ನಡುವೆ ಸಂದು ಕಂಡರೆ ಅವತ್ತಿನಿಂದಲೇ ಅದರ ಕೆಳಗೆ ಯಾರನ್ನೂ ಮಲಗಿಸಬೇಡಿ.