ಮೇಡನ್ ಕುದುರೆ ರೇಸಿನ ‘ಒಳಗಿನ ಸುದ್ದಿ’ ಮಾರುವವರಿಗೆ ಒಂದು ರೂಪಾಯಿಯನ್ನೂ ಕಳುಹಿಸಬೇಡಿ

ನಾನು 23,000 ರೂಪಾಯಿ ಕಳೆದುಕೊಂಡೆ. ಮಲ್ಪೆಯಲ್ಲಿರುವ ನನ್ನ ಭಾವ 38,000 ಕಳೆದುಕೊಂಡರು. ಒಂದೇ ಮೊಬೈಲ್ ಸಂಖ್ಯೆಯಿಂದ ಬಂದ ಸಂದೇಶ ನಂಬಿ, ಒಂದೇ ಕುದುರೆ ಓಟದ ಹೆಸರಿನಲ್ಲಿ. ಇದನ್ನು ಬರೆಯುವಾಗಲೂ ಕೈ ನಡುಗುತ್ತಿದೆ. ಮಂಗಳೂರು, ಉಡುಪಿ ಕಡೆಯವರಿಗೆ ಈ ಸಂದೇಶಗಳು ಇನ್ನೂ ಬರುತ್ತಿವೆ, ಆದ್ದರಿಂದ ಬರೆಯುತ್ತಿದ್ದೇನೆ.

ಮೊದಲು ಈ ಮೋಸಗಾರರು ಒಂದು ಓಟದಲ್ಲಿ ಗೆಲ್ಲುವ ಕುದುರೆಯ ಸಂಖ್ಯೆ ಎಂದು ಒಂದನ್ನು ಉಚಿತವಾಗಿ ಕಳುಹಿಸಿದರು. ಆ ಕುದುರೆ ಗೆದ್ದಿತು. ಅಲ್ಲಿಗೇ ನಾನು ಬಿದ್ದೆ. ಎರಡು ವಾರದ ನಂತರ, “ಸರ್, ಭಾನುವಾರ ಬೆಂಗಳೂರಿನಲ್ಲಿ ಮೂರನೆಯ ರೇಸ್ ಮೇಡನ್, 1200 ಮೀಟರ್. ಲಾಯದವನು ನಮ್ಮವನೇ. ಟ್ರ್ಯಾಕ್‌ನಲ್ಲಿ ಮುಂಜಾನೆ ಓಡಿಸಿದ್ದನ್ನು ಕಣ್ಣಾರೆ ನೋಡಿದ್ದೇವೆ” ಎಂದರು.

ಮೇಡನ್ ಎಂದರೆ ಇದುವರೆಗೆ ಒಂದು ಓಟವನ್ನೂ ಗೆಲ್ಲದ ಕುದುರೆಗಳ ಓಟ. ಕೆಲವು ಅಂದೇ ಮೊದಲ ಬಾರಿಗೆ ಓಡುತ್ತವೆ. ಅಂಥವುಗಳಿಗೆ ಹಳೆಯ ಓಟದ ದಾಖಲೆಯೇ ಇಲ್ಲದ ಮೇಲೆ ಯಾರು ಏನು ಹೇಳಿದರೂ ಪರಿಶೀಲಿಸುವುದು ನಮ್ಮಂಥವರಿಗೆ ಕಷ್ಟ. 1200 ಮೀಟರ್ ಓಟವೋ, ಸುಮಾರು ಒಂದೂಕಾಲು ನಿಮಿಷದಲ್ಲಿ ಮುಗಿದುಹೋಗುತ್ತದೆ. ಮೋಸಗಾರರು ಇಂಥ ಓಟವನ್ನೇ ಆರಿಸಿಕೊಳ್ಳುವುದು ಏಕೆಂದು ಈಗ ತಿಳಿಯುತ್ತಿದೆ.

ಸುದ್ದಿಗೆ 3,000, ನನ್ನ ಪರವಾಗಿ ಕೌಂಟರಿನಲ್ಲಿ ಬಾಜಿ ಕಟ್ಟಲು 20,000. ಯಾರದೋ ಖಾಸಗಿ ಖಾತೆಗೆ ಯುಪಿಐ ಮೂಲಕ ಕಳುಹಿಸಿದೆ. ಬಾಜಿಯ ಚೀಟಿ ಕೇಳಿದೆ. “ಚೀಟಿ ಕೌಂಟರಿನಲ್ಲಿಯೇ ಇರುತ್ತದೆ ಸರ್” ಎಂಬ ಉತ್ತರ ಬಂತು. ರೇಸ್ ಕೋರ್ಸಿಗೆ ಒಮ್ಮೆ ಹೋದವರಿಗೂ ಗೊತ್ತು, ಹಣ ಕೊಟ್ಟರೆ ಚೀಟಿ ಕೈಗೆ ಬರುತ್ತದೆ. ನನಗೂ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಾದೆ.

ಆ ಭಾನುವಾರ ನಾನು ಮತ್ತು ಭಾವ ಕಂಬಳಕ್ಕೆ ಹೋಗಿದ್ದೆವು. ಕೋಣಗಳು ಓಡುವ ಕೆಸರಿನ ಕರೆಯ ಬದಿಯಲ್ಲಿ ನಿಂತಿದ್ದಾಗ ಇಬ್ಬರ ಮೊಬೈಲೂ ಒಟ್ಟಿಗೆ ಸದ್ದು ಮಾಡಿದವು. ನನಗೆ ಬಂದದ್ದು “ಕುದುರೆ ಸಂಖ್ಯೆ 4, ನೂರಕ್ಕೆ ನೂರು”. ಭಾವ ಮೊಬೈಲನ್ನು ಅಂಗೈಯಲ್ಲಿ ಮುಚ್ಚಿಕೊಂಡರು. ಅವರ ಮುಖ ನೋಡಿ ನನಗೆ ಅನುಮಾನ ಬಂತು.

“ಭಾವ, ನಿಮಗೂ ಬಂದಿದೆಯಾ?”

“ನಿನಗೂ ಬಂದಿದೆಯಾ ಮಾರಾಯ?”

ಅವರ ಮೊಬೈಲಿನಲ್ಲಿ ಇದ್ದದ್ದು “ಕುದುರೆ ಸಂಖ್ಯೆ 7, ನೂರಕ್ಕೆ ನೂರು”. ಅಕ್ಷರ ಅಕ್ಷರವೂ ಅದೇ ಸಂದೇಶ, ಅಂಕಿ ಮಾತ್ರ ಬೇರೆ. ಮುಂದೆ ಕೋಣಗಳು ಕೆಸರು ಚಿಮ್ಮಿಸುತ್ತ ಓಡುತ್ತಿದ್ದವು. ಅವು ಯಾವ ಮನೆಯವು, ಓಡಿಸುವವರು ಯಾರು ಎಂದು ನಮಗೆ ಗೊತ್ತು. ಆ ಕುದುರೆಯನ್ನು ನಾನು ಫೋಟೋದಲ್ಲಿಯೂ ನೋಡಿರಲಿಲ್ಲ! 20,000 ಕಟ್ಟಿದ್ದೆ!

ಕೂಡಲೇ ಕೇಳಿದೆ. ಉತ್ತರ: “ಅದು ಬೇರೆ ಪ್ಯಾಕೇಜ್ ಸರ್. ನಿಮ್ಮದು ಬೆಳ್ಳಿ, ಅವರದು ಚಿನ್ನ.”

ಈ ಮಾತನ್ನು ನಾನು ನಂಬಿದೆ. ಇದನ್ನೇ ನನಗೆ ಇಂದಿಗೂ ಸಹಿಸಲಾಗುತ್ತಿಲ್ಲ.

ನಾಲ್ಕನೆಯ ಸಂಖ್ಯೆ ಎಲ್ಲಿಯೂ ಕಾಣಲಿಲ್ಲ. ಏಳು ಗೆದ್ದಿತು. ನನಗೆ “ಕುದುರೆ ಗೇಟಿನಲ್ಲಿಯೇ ತಡವಾಯಿತು ಸರ್, ಮುಂದಿನ ವಾರ ಎಲ್ಲವೂ ವಾಪಸ್, ಇನ್ನು 20,000 ಹಾಕಿ” ಎಂದರು. ಭಾವನಿಗೆ “ಅಭಿನಂದನೆ ಸರ್, 60,000 ಗೆದ್ದಿದ್ದೀರಿ, 30% ತೆರಿಗೆ ಮೊದಲು ಕಟ್ಟಿ” ಎಂದರು. ಸುದ್ದಿಗೆ 5,000, ಬಾಜಿಗೆ 15,000 ಮೊದಲೇ ಕೊಟ್ಟಿದ್ದ ಭಾವ ಅಂದು ಸಂಜೆಯೇ ಇನ್ನು 18,000 ಕಳುಹಿಸಿದರು. ನಾನು ಪಕ್ಕದಲ್ಲೇ ಇದ್ದೆ, ತಡೆಯಲಿಲ್ಲ. ರೇಸಿನಲ್ಲಿ ಗೆದ್ದ ಹಣದ ತೆರಿಗೆಯನ್ನು ಕೊಡುವವರೇ ಮುರಿದುಕೊಂಡು ಉಳಿದದ್ದನ್ನು ಕೊಡುತ್ತಾರೆ. ಗೆದ್ದವನಿಂದ ಮುಂಗಡವಾಗಿ ಕೇಳುವುದಿಲ್ಲ. ಕೇಳುವುದಿಲ್ಲ! ಮರುದಿನ ಜಿಎಸ್‌ಟಿ ಎಂದು ಇನ್ನೂ 9,000 ಕೇಳಿದಾಗ ಮಾತ್ರ ಭಾವನಿಗೆ ಎಚ್ಚರವಾಯಿತು.

ಪೊಲೀಸರಿಗೆ ಹೇಳುತ್ತೇವೆ ಎಂದೆವು. “ಹೇಳಿ ಸರ್. ಬಾಜಿ ಕಟ್ಟಿದ್ದು ನೀವು, ಕೇಸು ನಿಮ್ಮ ಮೇಲೆಯೇ” ಎಂದು ಬರೆದು ಇಬ್ಬರನ್ನೂ ಬ್ಲಾಕ್ ಮಾಡಿದರು. ಆ ಮಾತಿಗೆ ಹೆದರಿ, ಅಕ್ಕನಿಗೆ ತಿಳಿಯುತ್ತದೆ ಎಂದು ನಾಚಿ, ಮೂರು ದಿನ ಹಾಳು ಮಾಡಿದೆವು. ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡುವಷ್ಟರಲ್ಲಿ ಹಣ ಆ ಖಾತೆಯಿಂದ ಬೇರೆಡೆಗೆ ಹೋಗಿತ್ತು. ನೀವು ಮೂರು ದಿನ ಕಾಯಬೇಡಿ. ಮೂರು ಗಂಟೆಯೂ ಕಾಯಬೇಡಿ. ಸಂದೇಶಗಳನ್ನು ಅಳಿಸಬೇಡಿ.

ಓಟದಲ್ಲಿರುವ ಪ್ರತಿ ಕುದುರೆಯ ಸಂಖ್ಯೆಯನ್ನೂ ಬೇರೆ ಬೇರೆ ಜನರಿಗೆ ಕಳುಹಿಸಿದರೆ ಯಾರಿಗಾದರೂ ಸರಿಯಾಗಿಯೇ ಬಂದಿರುತ್ತದೆ. ನನಗೆ ಮೊದಲು ಬಂದ ಉಚಿತ ಸಂಖ್ಯೆಯೂ ಹಾಗೆಯೇ ಬಂದದ್ದು ಎಂದು ಈಗ ನನ್ನ ನಂಬಿಕೆ. ಇದನ್ನು ದೂರಿನ ಜೊತೆ ತೋರಿಸಬೇಕು. ಕಂಬಳದ ಆ ಭಾನುವಾರ ಮೂರನೆಯ ರೇಸಿಗೆ “ನೂರಕ್ಕೆ ನೂರು” ಎಂಬ ಸಂದೇಶ ನಿಮಗೂ ಬಂದಿದ್ದರೆ ದಯವಿಟ್ಟು ತಿಳಿಸಿ. ನಮ್ಮಲ್ಲಿ 4 ಮತ್ತು 7 ಇವೆ. ಉಳಿದ ಸಂಖ್ಯೆಗಳು ಯಾರ ಮೊಬೈಲಿನಲ್ಲಿವೆ?